ಬಟವಾಡೆಯ ಊರು, ಮಂಡಿಯ ಊರು

ಹರಿಹರಕ್ಕೂ ದಾವಣಗೆರೆಗೂ ನಡುವೆ ಇರುವುದು 14 ಕಿಲೋಮೀಟರ್ ಅಷ್ಟೇ. ನಾನು ಹುಟ್ಟಿ ಬೆಳೆದದ್ದು ಹರಿಹರದಲ್ಲಿ. ಅಪ್ಪ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಟರ್ನರ್. ಅಮ್ಮನ ಅಣ್ಣ, ಅಂದರೆ ನನ್ನ ಸೋದರಮಾವ, ದಾವಣಗೆರೆ ಮಂಡಿಪೇಟೆಯ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತ. ಹೀಗಾಗಿ ಎಪ್ಪತ್ತರ ದಶಕದಲ್ಲೇ ನನಗೆ ಎರಡು ಬಗೆಯ ದುಡಿಮೆ ಪರಿಚಯವಾಗಿತ್ತು. ಹರಿಹರದಲ್ಲಿ ಸೈರನ್ ಕೂಗಿದರೆ ಡ್ಯೂಟಿ, ಸೈರನ್ ಕೂಗಿದರೆ ಊಟ. ಮಂಡಿಪೇಟೆಯಲ್ಲಿ ಮಾಲು ಬಂದರೆ ಕೆಲಸ ಶುರು, ಲೆಕ್ಕ ತಾಳೆಯಾದ ಮೇಲೆ ಊಟ. ಒಂದೂರಿಗೆ ತಿಂಗಳಿಗೊಮ್ಮೆ ರೊಕ್ಕ ಬರುತ್ತಿತ್ತು, ಇನ್ನೊಂದೂರಲ್ಲಿ ರೊಕ್ಕ ದಿನವೂ ಕೈಯಿಂದ ಕೈಗೆ ಓಡಾಡುತ್ತಿತ್ತು. ಊರಿನ ನಡುಮಧ್ಯೆ ಒಂದು ಪೇಟೆ ಇರುವುದಕ್ಕೂ ಒಂದು ಕಾರ್ಖಾನೆ ಇರುವುದಕ್ಕೂ ಎಷ್ಟು ವ್ಯತ್ಯಾಸ ಎಂಬುದು ನನಗೆ ಅರ್ಥವಾಗಿದ್ದು ಬಹಳ ವರ್ಷಗಳ ನಂತರ, ಎರಡೂ ಊರುಗಳು ಪೆಟ್ಟು ತಿಂದ ಮೇಲೆ.

ಹಾಗೆ ನೋಡಿದರೆ ಪೇಟೆ ಬೆಳೆಯುವುದಕ್ಕೆ ಬೇಕಾದದ್ದೆಲ್ಲ ಹರಿಹರದಲ್ಲೇ ಇತ್ತು. ತುಂಗಭದ್ರೆ ಇದ್ದಳು. ಹೊಯ್ಸಳ ದಂಡನಾಯಕ ಪೋಲಾಳ್ವ 13ನೇ ಶತಮಾನದಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಸ್ಥಾನವಿತ್ತು. ಮೈಸೂರು ಸಂಸ್ಥಾನದ ಗಡಿ ಅದೇ ಆಗಿದ್ದರಿಂದ ದಂಡು ಬೀಡುಬಿಟ್ಟಿತ್ತು. 1868ರಲ್ಲಿ ಹೊಳೆಗೆ ಕಲ್ಲಿನ ಕಮಾನುಗಳ ಸೇತುವೆಯಾಗಿ ಬೆಂಗಳೂರಿನಿಂದ ಧಾರವಾಡದ ಕಡೆ ಹೋಗುವ ಗಾಡಿಗಳೆಲ್ಲ ಅದರ ಮೇಲೆಯೇ ಹಾಯುವಂತಾಯಿತು. ಆದರೂ ವರ್ತಕರು ಬಂದು ನೆಲೆನಿಂತದ್ದು ದಾವಣಗೆರೆಯಲ್ಲಿ.

ಇದಕ್ಕೆ ಕಾರಣ ಹುಡುಕಿದರೆ ಹೈದರಾಲಿಯ ಕಾಲಕ್ಕೆ ಹೋಗಬೇಕು. ಬಿ.ಎಲ್. ರೈಸ್ ಬರೆದ ಮೈಸೂರು ಗ್ಯಾಜೆಟಿಯರಿನ ಪ್ರಕಾರ ಆಗ ಬೇತೂರು ದೊಡ್ಡ ಊರು, ದಾವಣಗೆರೆ ಅದರ ಬಗಲಲ್ಲಿದ್ದ ಸಣ್ಣ ಹಳ್ಳಿ. ಹೈದರ್ ಅದನ್ನು ಅಪೋಜಿರಾಮ ಎಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟ. ಆ ಪುಣ್ಯಾತ್ಮ ವ್ಯಾಪಾರಿಗಳನ್ನು ಕರೆಕರೆದು ಇಲ್ಲಿ ನೆಲೆಗೊಳಿಸಿದ. ಅವನಿಗೆ ವಾರಸುದಾರರಿರಲಿಲ್ಲ, ಅವನು ಸತ್ತ ಮೇಲೆ ಜಹಗೀರು ಹೋಯಿತು, ವ್ಯಾಪಾರ ಮಾತ್ರ ಹೋಗಲಿಲ್ಲ. ಮಲೆನಾಡಿನ ನಗರ ಸೀಮೆಯ ಅಡಿಕೆ, ಮೆಣಸು ಇಲ್ಲಿಂದ ಆರ್ಕಾಟಿನ ವಾಲಾಜಾಪೇಟೆಗೆ ಹೋಗುತ್ತಿತ್ತು. ಬರುವಾಗ ಅದೇ ಗಾಡಿಗಳು ಉಪ್ಪು ಮತ್ತು ಮದರಾಸಿನ ಬಂದರಿಗಿಳಿದ ಸಾಮಾನು ಹೇರಿಕೊಂಡು ಬರುತ್ತಿದ್ದವು. ಸುತ್ತಲ ಸೀಮೆಯ ಕುರಿ ಉಣ್ಣೆಯ ಕಂಬಳಿ ಊರಿನ ಹೆಸರಾಂತ ಸರಕಾಗಿತ್ತು. ನಾಲ್ಕಾರು ರೂಪಾಯಿಯ ಕಂಬಳಿಯ ಜೊತೆಗೆ ಇನ್ನೂರು ಮುನ್ನೂರು ರೂಪಾಯಿ ಬಾಳುವ ನಯವಾದ ಕಂಬಳಿಯೂ ಇಲ್ಲಿ ತಯಾರಾಗುತ್ತಿತ್ತಂತೆ. ಆ ಕಾಲದ ಮುನ್ನೂರು ರೂಪಾಯಿ! ಅಂತೂ ದಾವಣಗೆರೆಗೆ ಕೋಟೆಗಿಂತ, ಗುಡಿಗಿಂತ ಮೊದಲು ಪೇಟೆ ಬಂತು. 1870ರಲ್ಲೇ ಪುರಸಭೆಯಾದ ಊರಿದು.

ಮಾವನ ಅಂಗಡಿ ಇದ್ದದ್ದು ಆ ಹಳೇಪೇಟೆಯ ಹೊಟ್ಟೆಯೊಳಗೆ. ಬೇಸಿಗೆ ರಜೆಗೆ ಹೋದಾಗ ಅತ್ತೆ ಕೊಟ್ಟ ಬುತ್ತಿ ಹಿಡಿದು ಮಧ್ಯಾಹ್ನ ಅಲ್ಲಿಗೆ ಹೋಗುವುದು ನನ್ನ ಕೆಲಸ. ಉದ್ದನೆಯ, ಕತ್ತಲುಗತ್ತಲಾದ ಅಂಗಡಿ. ಬಾಗಿಲ ಬಳಿ ತೂಗುಹಾಕಿದ ದೊಡ್ಡ ತಕ್ಕಡಿ. ಒಳಗೆ ಮೇಲ್ಛಾವಣಿ ಮುಟ್ಟುವ ಹಾಗೆ ಗೋಣಿಚೀಲದ ಅಟ್ಟಿ. ಒಂದು ಬದಿಗೆ ಬಿಳಿ ಬಟ್ಟೆ ಹೊದಿಸಿದ ಗಾದಿ, ಒರಗುದಿಂಬು, ಗೋಡೆಗೆ ಬಸವಣ್ಣನ ಪಟ, ಅದರ ಕೆಳಗೆ ಕಬ್ಬಿಣದ ತಿಜೋರಿ. ಸಾವ್ಕಾರರು ಗಾದಿಯ ಮೇಲೆ, ಮಾವ ಅದರ ಅಂಚಿನಲ್ಲಿ ಇಳಿಜಾರು ಮೇಜಿನ ಮುಂದೆ ಕಾಲು ಮಡಚಿ ಕೂತು ಕಿರ್ದಿ ಬರೆಯುತ್ತಿದ್ದರು. ಮೆಣಸಿನಕಾಯಿ ಘಾಟು, ಶೇಂಗಾದ ಮಣ್ಣು, ಹೊಸ ಗೋಣಿಯ ವಾಸನೆ ಎಲ್ಲ ಬೆರೆತು ಒಳಗೆ ಕಾಲಿಟ್ಟ ಕೂಡಲೇ ಸೀನು ಬರುತ್ತಿತ್ತು. ಮಾವನಿಗೆ ಒಂದು ದಿನವೂ ಸೀನು ಬಂದದ್ದು ನಾನು ಕಾಣೆ.

ಹಳೇ ಕಾಲದ ವ್ಯಾಪಾರದ ವೈಖರಿಯನ್ನು ಮಾವ ನನ್ನ ಕೈ ಹಿಡಿದೇ ತೋರಿಸಿದ್ದರು. ನನ್ನ ಅಂಗೈ ಮೇಲೆ ಟವೆಲ್ ಹೊದಿಸಿ, ಅದರೊಳಗೆ ತಮ್ಮ ಕೈ ತೂರಿಸಿ, ನನ್ನ ಎರಡು ಬೆರಳು ಹಿಡಿದು ಒತ್ತಿದರು. ‘ಇದು ಎರಡು. ನೂರೋ, ಹತ್ತೋ, ಬಿಡಿಯೋ ಅನ್ನೋದು ಮೊದ್ಲೇ ಇಬ್ರಿಗೂ ಗೊತ್ತಿರ್ತದೆ. ಬಾಯಿ ಬಿಡಂಗಿಲ್ಲ.’ ಮಾಲು ತಂದ ರೈತ ಎದುರಿಗೇ ನಿಂತಿರುತ್ತಿದ್ದ. ಅವನ ಬೆಳೆಯ ದರ ಟವೆಲಿನ ಮರೆಯಲ್ಲಿ ತೀರ್ಮಾನವಾಗುತ್ತಿತ್ತು. ‘ಇದು ಮೋಸ ಅಲ್ವ ಮಾಮ?’ ಅಂದೆ. ಮಾವ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ‘ಅದಕ್ಕೇ ಅಲ್ವೇನಪಾ ಸರ್ಕಾರ ಕಾಯ್ದೆ ತಂದದ್ದು’ ಅಂದರು. ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ ಬಂದದ್ದು 1966ರಲ್ಲಿ. ಬಹಿರಂಗ ಹರಾಜು, ಪರವಾನಗಿ, ಸರಿಯಾದ ತೂಕ ಎಲ್ಲ ಅದರ ನಿಯಮ. ಮುಂದೆ ದೊಡ್ಡ ವ್ಯಾಪಾರ ಎಪಿಎಂಸಿ ಯಾರ್ಡಿಗೆ ಹೋಯಿತು. ಮಂಡಿಪೇಟೆಯ ಹೆಸರು, ಸಣ್ಣ ಸಗಟು ವ್ಯಾಪಾರ, ಲೇವಾದೇವಿ ಇಲ್ಲೇ ಉಳಿದವು.

ಟವೆಲಿನ ವ್ಯಾಪಾರ ಎಷ್ಟು ಕಳ್ಳತನದ್ದಾಗಿ ಕಂಡಿತೋ ಅಷ್ಟೇ ಆಶ್ಚರ್ಯ ಹುಟ್ಟಿಸಿದ್ದು ಅಲ್ಲಿನ ಮಾತಿನ ಬೆಲೆ. ಜಗಳೂರು ಕಡೆಯ ರೈತರೊಬ್ಬರು ಶೇಂಗಾ ಮಾರಿ, ರೊಕ್ಕ ಎಣಿಸಿಕೊಳ್ಳದೆ ಎದ್ದರು. ‘ನಿಮ್ಮತ್ರಾನೇ ಇರ್ಲಿ ಸಾವ್ಕಾರ್ರೇ. ಬೇಸಿಗ್ಯಾಗ ಮಗಳ ಮದುವಿ ಐತೆ, ಆಗ ಇಸ್ಕಂತೀನಿ’ ಅಂದರು. ಚೀಟಿಯಿಲ್ಲ, ಸಹಿಯಿಲ್ಲ. ಮಾವ ಖಾತೆಯಲ್ಲಿ ಒಂದು ಸಾಲು ಬರೆದುಕೊಂಡರು, ಅಷ್ಟೇ. ಬ್ಯಾಂಕಿನ ಬಾಗಿಲಿಗೆ ಹೋಗಲು ಹೆದರುತ್ತಿದ್ದ ಜನಕ್ಕೆ ಈ ಗಾದಿಯೇ ಬ್ಯಾಂಕು. ಬಿತ್ತನೆಗೆ ಸಾಲ ಇಲ್ಲಿ, ಮಾಲು ಮಾರುವುದು ಇಲ್ಲಿ, ಉಳಿತಾಯ ಇಲ್ಲಿ. ಇದಕ್ಕೊಂದು ಕಹಿ ಮಗ್ಗುಲೂ ಇತ್ತು. ಸಾಲ ತಂದವನು ಬೆಳೆಯನ್ನು ಬೇರೆ ಅಂಗಡಿಗೆ ಒಯ್ಯುವ ಹಾಗಿರಲಿಲ್ಲ. ಬಡ್ಡಿ, ದಲಾಲಿ, ಹಮಾಲಿ, ಧರ್ಮದ ಹೆಸರಿನ ವಂತಿಗೆ ಎಲ್ಲ ಕಳೆದು ಕೈಗೆ ಬಂದಷ್ಟು ಬಂತು. ಮಾವ ಅದನ್ನು ಮುಚ್ಚಿಡುತ್ತಿರಲಿಲ್ಲ. ‘ಮಾಲು ಇವತ್ತು ಬರ್ತದೆ, ನಾಳೆ ಹೋಗ್ತದೆ. ಗಿರಾಕಿ ಹೋಗಬಾರದು. ಅದಕ್ಕೆ ಸಾಲಾನೂ ಕೊಡ್ತಾರೆ, ಮದುವಿಗೆ ಮುಯ್ಯಿನೂ ಮಾಡ್ತಾರೆ’ ಅನ್ನುತ್ತಿದ್ದರು.

ಅಂಗಡಿಯ ಹೊರಗೆ ಹಮಾಲರ ಲೋಕ. ಅಂಗೈಯಲ್ಲಿ ಕಬ್ಬಿಣದ ಕೊಕ್ಕೆ, ತಲೆಗೆ ಸುತ್ತಿದ ವಸ್ತ್ರ. ಕ್ವಿಂಟಾಲು ತೂಗುವ ಚೀಲವನ್ನು ಇಬ್ಬರು ಎತ್ತಿ ಮೂರನೆಯವನ ಬೆನ್ನಿಗೆ ಹಾಕಿದರೆ ಅವನು ಲಾರಿಗೆ ಇಟ್ಟ ಹಲಗೆಯ ಮೇಲೆ ಓಡುತ್ತಲೇ ಹತ್ತುತ್ತಿದ್ದ. ನಿಂತರೆ ಭಾರ ಕೂರುತ್ತದೆ, ಓಡಿದರೆ ಸಲೀಸು ಎಂದು ಅವರಲ್ಲೊಬ್ಬರು ನನಗೆ ಹೇಳಿದ್ದುಂಟು. ನೆಲಕ್ಕೆ ಚೆಲ್ಲಿದ ಕಾಳನ್ನು ಗುಡಿಸಿ, ಕೇರಿ, ಒಡಲು ತುಂಬಿಸಿಕೊಳ್ಳುವ ಹೆಂಗಸರು ಬೇರೆ. ಹರಿದ ಗೋಣಿಯನ್ನು ದಬ್ಬಣದಿಂದ ಹೊಲಿದು ಕೊಡುವ ಮುದುಕರು ಬೇರೆ. ಲಕ್ಷಾಂತರ ರೂಪಾಯಿ ವಹಿವಾಟು ನಡೆಯುವ ಬೀದಿಯಲ್ಲೇ, ಅದೇ ವಹಿವಾಟಿನ ಉದುರುಕಾಳಿನಿಂದ ಬದುಕುವವರಿಗೂ ಜಾಗ ಇತ್ತು. ಬೆಂಗಳೂರಿನ ಗಾಜಿನ ಕಟ್ಟಡಗಳ ಬೀದಿಗಳಲ್ಲಿ ನಾನು ಕಾಣದೇ ಹೋದದ್ದು ಇದನ್ನೇ.

ಹರಿಹರದ ನಮಗೆ ಮಾತ್ರ ದಾವಣಗೆರೆ ಪೇಟೆ ಎಂದರೆ ಜವಳಿ. ಉಪ್ಪು ಎಣ್ಣೆ ನಮ್ಮೂರಲ್ಲೇ ಸಿಗುತ್ತಿತ್ತು. ಮದುವೆ ನಿಶ್ಚಯವಾಯಿತೆಂದರೆ ಬೆಳಗಿನ ಬಸ್ಸಿಗೆ ಸಂಸಾರವೇ ಹೊರಡಬೇಕು. ಅಕ್ಕನ ಮದುವೆಗೆ ಹೀಗೇ ಹೋದೆವು. ಬೀಗರ ಕಡೆಯವರು ಗಡಿಯಾರ ಕಂಬದ ಹತ್ತಿರ ಕಾಯುತ್ತಿದ್ದರು. ಚೌಕಿಪೇಟೆ, ಕಾಳಿಕಾದೇವಿ ರಸ್ತೆ, ವಿಜಯಲಕ್ಷ್ಮಿ ರಸ್ತೆ ಎಲ್ಲ ನಡೆದಾಡುವ ದೂರದಲ್ಲೇ. ಒಂದು ಸುತ್ತು ಬಂದರೆ ಸೀರೆ, ಪಂಚೆ, ತಾಳಿ, ಕಾಲುಂಗುರ, ಪಾತ್ರೆ, ಬಾಸಿಂಗ, ಅಡಿಕೆ, ಕೊಬ್ಬರಿಬಟ್ಟಲು ಎಲ್ಲವೂ ಮುಗಿಯುತ್ತಿತ್ತು. ಜವಳಿ ಅಂಗಡಿಯಲ್ಲಿ ಚಪ್ಪಲಿ ಬಿಟ್ಟು ಗಾದಿ ಮೇಲೆ ಕೂರಬೇಕು. ಸೀರೆ ತೋರಿಸುವವ ಅಂಚು ಹಿಡಿದು ಜಾಡಿಸಿದರೆ ಅದು ಗಾದಿಯ ಆ ತುದಿಯವರೆಗೆ ಹರಡಿಕೊಳ್ಳುತ್ತಿತ್ತು. ಅಮ್ಮ ಬಣ್ಣ ನೋಡುವ ಮೊದಲು ಸೀರೆಯ ಒಳಮೈಯನ್ನು ಹೊರಳಿಸಿ ನೇಯ್ಗೆ ನೋಡುತ್ತಿದ್ದಳು. ಬೆಲೆ ಕೇಳಿ ಎದ್ದು ನಿಲ್ಲುವುದು, ‘ಕೂತ್ಕಳ್ರಮ್ಮ, ನೀವು ಹರಿಹರದೋರು ಅಂತ ಗೊತ್ತಾಗ್ಲಿಲ್ಲ’ ಎಂದು ಅವರು ಕೂರಿಸುವುದು, ಹತ್ತು ರೂಪಾಯಿ ಇಳಿಯುವುದು, ಮತ್ತೆ ಏಳುವುದು. ಇದೆಲ್ಲ ಆಟ ಎಂಬುದು ಎರಡೂ ಕಡೆಯವರಿಗೆ ತಿಳಿದಿತ್ತು. ಕೊನೆಗೆ ರೊಕ್ಕ ಸಾಲದೆ ಬಂದಾಗ ‘ಮಾಮ ಮಂಡಿಪೇಟೆಯಲ್ಲಿದಾರೆ’ ಎಂಬ ಒಂದೇ ಮಾತಿಗೆ ಗಂಟು ನಮ್ಮ ಕೈಗೆ ಬಂತು, ಬಾಕಿ ಮಾವನ ಹೆಸರಿಗೆ ಬಿತ್ತು.

ಆಮೇಲೆ ಬೆಣ್ಣೆದೋಸೆ. ಸೌದೆ ಒಲೆಯ ಮೇಲಿನ ದೊಡ್ಡ ಹಂಚು, ಅಂಚು ಗರಿಗರಿ, ನಡು ಮೆತ್ತಗೆ, ಮೇಲೊಂದು ಬೆಣ್ಣೆಯ ಮುದ್ದೆ, ಬದಿಗೆ ಬಣ್ಣವಿಲ್ಲದ ಆಲೂಗಡ್ಡೆ ಪಲ್ಯ, ತೆಳ್ಳಗಿನ ಕೊಬ್ಬರಿ ಚಟ್ನಿ. ನಾಟಕ ಕಂಪನಿಯ ಥಿಯೇಟರಿನ ಪಕ್ಕ ಚೆನ್ನಮ್ಮ ಎಂಬುವರು ದೋಸೆ ಹುಯ್ದು ಶುರುಮಾಡಿದರು ಎಂದು ಊರಿನವರು ಹೇಳುತ್ತಾರೆ. ದೋಸೆ ಹುಟ್ಟಿದ್ದೂ ಪೇಟೆಯ ಜನಸಂದಣಿಯಲ್ಲೇ ಅಂದಹಾಗಾಯಿತು. ನಾಟಕ ನೋಡಲು ಬಂದವರು, ಮಾಲು ತಂದವರು, ಮಿಲ್ಲಿನ ಪಾಳಿ ಮುಗಿಸಿದವರು, ಇವರ ಹಸಿವೇ ಅದಕ್ಕೆ ಬಂಡವಾಳ. ಸಂಜೆಯಾದರೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ದಾವಣಗೆರೆಯವರ ಸಂಜೆಗೆ ಅದಿಲ್ಲದೆ ನಡೆಯದು.

ಪೇಟೆಯ ಜನರನ್ನೆಲ್ಲ ಒಟ್ಟಿಗೆ ನೋಡಬೇಕೆಂದರೆ ಅಶೋಕ ಟಾಕೀಸಿನ ಬಳಿಯ ರೈಲ್ವೆ ಗೇಟಿನಲ್ಲಿ ನಿಲ್ಲಬೇಕಿತ್ತು. ಹಳೇ ಊರಿಗೂ ಹೊಸ ಬಡಾವಣೆಗಳಿಗೂ ನಡುವೆ ರೈಲು ಹಳಿ. ಗೇಟು ಬಿತ್ತೆಂದರೆ ಟಾಂಗಾ, ತಳ್ಳುಗಾಡಿ, ಸಾವ್ಕಾರರ ಅಂಬಾಸಿಡರ್, ಡಾಕ್ಟರರ ಸ್ಕೂಟರು, ಮಿಲ್ಲಿನವರ ಸೈಕಲ್ಲು, ಕಾಲೇಜು ಹುಡುಗಿಯರು, ಹೆಣದ ಮೆರವಣಿಗೆ ಎಲ್ಲ ಒಂದೇ ಸಾಲಿಗೆ. ಆ ಹೊತ್ತಿನಲ್ಲಿ ದರ ವಿಚಾರಿಸುವವರು, ಸಾಲ ನೆನಪಿಸುವವರು, ಗಂಡು ಹೆಣ್ಣಿನ ಜಾತಕ ವಿಚಾರಿಸುವವರು ಎಲ್ಲರೂ ಇರುತ್ತಿದ್ದರು. ಬೈಗುಳ ಮಾತ್ರ ರೈಲ್ವೆಯವರಿಗೆ. ಗೇಟಿಗೆ ಬದಲು ಸೇತುವೆ ಮಾಡಿ ಎಂದು ಊರು ದಶಕಗಟ್ಟಲೆ ಕೂಗಿತು.

ಆ ಸಾಲಿನಲ್ಲಿ ಸೈಕಲ್ಲುಗಳೇ ಹೆಚ್ಚು. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದು ಇದ್ದ ಕಾಲ ಅದು. ಸುತ್ತಲ ಕಪ್ಪು ಮಣ್ಣಿನ ಹತ್ತಿಯನ್ನು ನಂಬಿ ದಾವಣಗೆರೆ ಕಾಟನ್ ಮಿಲ್, ಗಣೇಶ ಮಿಲ್, ಚಂದ್ರೋದಯ ಮಿಲ್, ಆಂಜನೇಯ ಮಿಲ್ ಮುಂತಾದವು ನಡೆಯುತ್ತಿದ್ದವು. ಬಟವಾಡೆಯ ದಿನ ಅಂಗಡಿಗಳಿಗೆ ಹಬ್ಬ. ಕಿರಾಣಿಯವ ಸಾಲದ ಪುಸ್ತಕ ಹಿಡಿದು, ಬಟ್ಟೆಯವ ಕಂತಿನ ಲೆಕ್ಕ ಹಿಡಿದು ಕಾಯುತ್ತಿದ್ದರು. ಕೂಲಿಯ ಜಗಳವೂ ಅಷ್ಟೇ ಜೋರು. ಕೆಂಪು ಬಾವುಟದ ಮೆರವಣಿಗೆ ಪಿ.ಬಿ. ರಸ್ತೆಯಲ್ಲಿ ಬಂತೆಂದರೆ ಅಂಗಡಿಗಳ ಶಟರು ಅರ್ಧ ಇಳಿಯುತ್ತಿದ್ದವು. ಕಾರ್ಮಿಕ ನಾಯಕ ಪಂಪಾಪತಿಯವರನ್ನು ಕಮ್ಯುನಿಸ್ಟ್ ಪಕ್ಷದಿಂದ ವಿಧಾನಸಭೆಗೆ ಕಳಿಸಿದ ಊರು ಇದು. ವರ್ತಕರ ಊರಿನಿಂದ ಕೆಂಪು ಬಾವುಟದ ಶಾಸಕ! ಮೆರವಣಿಗೆ ಮುಂದೆ ಹೋದ ಮೇಲೆ ಶಟರು ಏರುತ್ತಿತ್ತು, ಅದೇ ಮೆರವಣಿಗೆಯವರು ಸಂಜೆ ಅದೇ ಅಂಗಡಿಗೆ ಬೇಳೆ ಕೊಳ್ಳಲು ಬರುತ್ತಿದ್ದರು.

ಹರಿಹರದಲ್ಲೂ ಬಟವಾಡೆಯ ದಿನವೇ ದೊಡ್ಡ ದಿನ. ಮೈಸೂರು ಕಿರ್ಲೋಸ್ಕರ್ 1941ರಲ್ಲಿ ಶುರುವಾದದ್ದು. ನಮ್ಮೂರಲ್ಲಿ ತಯಾರಾದ ಲೇತ್ ಯಂತ್ರಗಳು ದೇಶದ ತುಂಬ ಕಾರ್ಖಾನೆ, ಪಾಲಿಟೆಕ್ನಿಕ್ಕುಗಳಿಗೆ ಹೋಗುತ್ತಿದ್ದವು. ಅಪ್ಪನಿಗೆ ಅದರ ಜಂಬ ಬಹಳ. ನೂಲಿನೆಳೆಯಷ್ಟು ವ್ಯತ್ಯಾಸವಾದರೂ ಪೀಸು ರಿಜೆಕ್ಟು ಎಂದು ಹೇಳುವಾಗ ದನಿಯೇ ಬೇರೆ. ಕಾಲೋನಿ, ಶಾಲೆ, ಆಟದ ಮೈದಾನ, ಗಣೇಶೋತ್ಸವ ಎಲ್ಲಕ್ಕೂ ಕಾರ್ಖಾನೆಯೇ ಆಸರೆ. ಮಂಡಿಪೇಟೆಯ ಗದ್ದಲ, ಧೂಳು, ಚೌಕಾಸಿ ಕಂಡಾಗಲೆಲ್ಲ ನಮ್ಮದು ಅಚ್ಚುಕಟ್ಟಾದ ಊರು ಎಂದು ನಮಗೆ ಹೆಮ್ಮೆಯಾಗುತ್ತಿತ್ತು.

ನಂತರ ಎರಡೂ ಕಡೆ ಸೈರನ್ನುಗಳು ನಿಂತವು. ದಾವಣಗೆರೆಯ ಮಿಲ್ಲುಗಳು ಮೊದಲು. ಹಳೇ ಯಂತ್ರ, ಪವರ್‌ಲೂಮ್ ಬಟ್ಟೆಯ ಪೈಪೋಟಿ, ತೀರದ ಕಾರ್ಮಿಕ ವಿವಾದ, ಸಾಲ, ಹೀಗೆ ನಾನಾ ಕಾರಣದಿಂದ ಒಂದರ ಹಿಂದೊಂದು ಬಾಗಿಲು ಹಾಕಿದವು. ಹೊಸ ಶತಮಾನ ಶುರುವಾಗುವ ಹೊತ್ತಿಗೆ ಹರಿಹರದ ಕಿರ್ಲೋಸ್ಕರ್ ಕೂಡ ಮುಚ್ಚಿತು. ಅಷ್ಟರಲ್ಲಿ ಅಪ್ಪ ನಿವೃತ್ತರಾಗಿದ್ದರು. ಅಕ್ಕಪಕ್ಕದವರು ಆಗಿರಲಿಲ್ಲ. ಐವತ್ತರ ಹತ್ತಿರ ಬಂದ ಫಿಟ್ಟರುಗಳು ಸೆಕ್ಯೂರಿಟಿ ಕೆಲಸಕ್ಕೆ ಹೋದರು, ಪುಣೆ ಬೆಂಗಳೂರು ಹಿಡಿದರು, ಆಟೋ ಓಡಿಸಿದರು. ಬಟವಾಡೆಯನ್ನೇ ನಂಬಿ ಸಾಲ ಕೊಟ್ಟಿದ್ದ ನಮ್ಮೂರಿನ ಕಿರಾಣಿ ಅಂಗಡಿಗಳ ಪುಸ್ತಕದಲ್ಲಿ ಬಾಕಿ ಹಾಗೇ ನಿಂತಿತು. ಹೊಳೆಯಾಚೆ ಕುಮಾರಪಟ್ಟಣದಲ್ಲಿ ಪಾಲಿಫೈಬರ್ಸ್ ಕಾರ್ಖಾನೆ ಇದ್ದುದರಿಂದ ಊರು ಪೂರ್ತಿ ಮಲಗಲಿಲ್ಲ ಎಂಬುದೇ ಸಮಾಧಾನ.

ದಾವಣಗೆರೆಯೂ ಮಲಗಬೇಕಿತ್ತು. ಸಾವಿರಾರು ಮಿಲ್ ಕಾರ್ಮಿಕರ ಸಂಸಾರಗಳು ಬೀದಿಗೆ ಬಂದದ್ದು ಸಣ್ಣ ಸಂಕಟವಲ್ಲ, ಅವರ ಕಷ್ಟ ಯಾವ ಪೇಟೆಯೂ ಕಳೆಯಲಿಲ್ಲ. ಆದರೆ ಊರು ನಿಂತಿತು, ಬೆಳೆಯಿತು. ಯಾಕೆಂದರೆ ಪೇಟೆಗೆ ಒಬ್ಬನೇ ಯಜಮಾನ ಇರಲಿಲ್ಲ, ಒಂದೇ ಸರಕಿರಲಿಲ್ಲ. ಹತ್ತಿ ಇಳಿಯುವ ಹೊತ್ತಿಗೆ ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬಂದಿತ್ತು, ಅಕ್ಕಿ ಗಿರಣಿಗಳು ಎದ್ದಿದ್ದವು. ಮಳೆಯಾಶ್ರಿತ ಹೊಲಗಳಿಗೆ ಮೆಕ್ಕೆಜೋಳ ಬಂತು. ಚನ್ನಗಿರಿಯ ಅಡಿಕೆ, ಜಗಳೂರಿನ ಶೇಂಗಾ, ಹೊನ್ನಾಳಿ, ಹರಪನಹಳ್ಳಿಗಳ ಗಿರಾಕಿ ಎಲ್ಲರಿಗೂ ಇದೇ ಪೇಟೆ. ಒಂದು ಸರಕು ಬಿದ್ದರೆ ಸಾವ್ಕಾರರು ಬೋರ್ಡು ಬದಲಿಸಿ ಇನ್ನೊಂದಕ್ಕೆ ಕೈಹಾಕುತ್ತಿದ್ದರು. ನೂರಾರು ಸಣ್ಣ ಯಜಮಾನರಲ್ಲಿ ಹತ್ತು ಮಂದಿ ಮುಳುಗಿದರೂ ಮಿಕ್ಕವರು ಬೀದಿಯನ್ನು ನಡೆಸಿಕೊಂಡು ಹೋಗುತ್ತಿದ್ದರು. ಲೇತ್ ಯಂತ್ರಕ್ಕೆ ಆ ಅನುಕೂಲ ಇರಲಿಲ್ಲ.

ಇನ್ನೊಂದು ಕಾರಣ ಮಂಡಿಯ ರೊಕ್ಕ ಹಿಡಿದ ಇನ್ನೊಂದು ದಾರಿ, ಕಾಲೇಜು ಆಸ್ಪತ್ರೆಗಳ ದಾರಿ. ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ್ ಹೆಸರಿನ ಬಿಡಿಟಿ ಎಂಜಿನಿಯರಿಂಗ್ ಕಾಲೇಜು 1951ರಲ್ಲೇ ಶುರುವಾಯಿತು. ರಾಜನಹಳ್ಳಿ ಮನೆತನದ ಹೆಸರು ಡಿ.ಆರ್.ಎಂ. ವಿಜ್ಞಾನ ಕಾಲೇಜಿನಲ್ಲಿದೆ, ರೈಲು ನಿಲ್ದಾಣದ ಬಳಿಯ ಛತ್ರದಲ್ಲಿದೆ. ಜಿಲ್ಲಾ ಆಸ್ಪತ್ರೆಗೆ ಚಿಗಟೇರಿಯವರ ಹೆಸರು. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ, 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು. ಮಿಲ್ಲುಗಳು ಮುಚ್ಚುವ ಹೊತ್ತಿಗೆ ಊರಿನ ತುಂಬ ಹಾಸ್ಟೆಲು, ಮೆಸ್ಸು, ಪುಸ್ತಕದಂಗಡಿ, ನರ್ಸಿಂಗ್ ಹೋಮು. 1997ರ ಆಗಸ್ಟ್ 15ರಂದು ಜಿಲ್ಲೆಯಾದ ಮೇಲೆ ಕಚೇರಿಗಳು ಬಂದವು, 2007ರಲ್ಲಿ ಮಹಾನಗರ ಪಾಲಿಕೆಯಾಯಿತು. ಮಂಡಿಯ ಲಾಭ ಕಾಲೇಜಾಗಿ, ಕಾಲೇಜು ಹೊಸ ಗಿರಾಕಿಗಳನ್ನು ತಂದಿತು.

ಇದರಲ್ಲೊಂದು ವಿಚಿತ್ರವೂ ಇದೆ. ಪೇಟೆಯ ರೊಕ್ಕದಿಂದ ಎದ್ದ ಕಾಲೇಜುಗಳೇ ಪೇಟೆಯ ಮಕ್ಕಳನ್ನು ಗಾದಿಯಿಂದ ಎಬ್ಬಿಸಿದವು. ಮಾವ ದುಡಿದ ಅಂಗಡಿಯ ಸಾವ್ಕಾರರ ಮೊಮ್ಮಕ್ಕಳಲ್ಲಿ ಯಾರೂ ದಲಾಲಿಗೆ ಬರಲಿಲ್ಲ. ಡಾಕ್ಟರು, ಎಂಜಿನಿಯರು ಆಗಿ ಹೊರಟುಹೋದರು. ಅಂಗಡಿ ಈಗ ಪ್ಲಾಸ್ಟಿಕ್ ಸಾಮಾನಿನ ಗೋದಾಮು. ಹೊಸ ರೊಕ್ಕ ಪಿ.ಜೆ. ಬಡಾವಣೆ, ವಿದ್ಯಾನಗರ, ಎಂ.ಸಿ.ಸಿ. ಬಿ ಬ್ಲಾಕಿನ ಕಡೆ ನಡೆದಿದೆ. ಅಲ್ಲಿ ಕಾರು ನಿಲ್ಲಿಸಲು ಜಾಗ ಉಂಟು, ಅಂಗಡಿಗಳಲ್ಲಿ ತಂಪು ಗಾಳಿ ಉಂಟು. 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ನಗರಗಳ ಪಟ್ಟಿಗೆ ದಾವಣಗೆರೆ ಸೇರಿದ ಮೇಲೆ ಹಳೇಪೇಟೆಗೂ ಒಂದಿಷ್ಟು ಕಾಂಕ್ರೀಟ್ ಬಂದಿದೆ. ರಸ್ತೆ ನುಣುಪಾಗಿದೆ, ಹಳ್ಳಿಯಿಂದ ಬಂದ ಹೆಂಗಸರು ಕೂರಲು ಮಾತ್ರ ಜಾಗ ಇಲ್ಲ.

ಮೊನ್ನೆ ಮಗನ ಮದುವೆಗೆ ಜವಳಿ ತೆಗೆಯಲು ಸೊಸೆಯಾಗುವವಳನ್ನು ಕರೆದುಕೊಂಡು ಹಳೇಪೇಟೆಗೇ ಹೋದೆ. ಅವಳು ಫೋನಿನಲ್ಲಿ ಅದೇ ಸೀರೆಯ ಬೆಲೆ ತೆಗೆದು ತೋರಿಸಿದಳು. ಅಂಗಡಿಯವರು ನಕ್ಕು, ‘ಫೋನಿನಾಗೆ ಒಳಮೈ ನೋಡೋಕಾಗುತ್ತೇನಮ್ಮ?’ ಅಂದರು. ಸೀರೆ ಹೊರಳಿಸಿ ತೋರಿಸಿದರು. ಅವಳೂ ಮುಟ್ಟಿ ನೋಡಿದಳು, ಎದ್ದಳು, ಅವರು ಕೂರಿಸಿದರು. ಬೆಲೆ ಇಳಿಯಿತು. ಆದರೆ ಅಷ್ಟು ಹೊತ್ತಿನ ವ್ಯಾಪಾರದ ನಡುವೆ ಶೌಚಾಲಯ ಹುಡುಕಿಕೊಂಡು ಅವಳು ಹೋಟೆಲಿಗೆ ಹೋಗಿ ಬೇಡದ ಕಾಫಿ ಕುಡಿದು ಬರಬೇಕಾಯಿತು. ಹಳೇಪೇಟೆ ಸೋಲುತ್ತಿರುವುದು ಬೆಲೆಯಲ್ಲೂ ಅಲ್ಲ, ಸರಕಿನಲ್ಲೂ ಅಲ್ಲ. ಇಂಥ ಸಣ್ಣಸಣ್ಣ ಕಾರಣಗಳಿಗೆ.

ಪೇಟೆ ಉಳಿಯುವುದಕ್ಕೆ ಬೇಕಾದದ್ದು ಬಹಳ ಇಲ್ಲ. ಹೆಂಗಸರಿಗೆ ಶುಚಿಯಾದ ಶೌಚಾಲಯ, ನಡೆಯುವವರಿಗೆ ಬೈಕು ನಿಲ್ಲದ ಫುಟ್‌ಪಾತು, ತಳ್ಳುಗಾಡಿಗೊಂದು ಕಾಯಂ ಜಾಗ, ಲಾರಿ ಬಂದುಹೋಗಲು ಗೊತ್ತಾದ ಹೊತ್ತು, ಹಮಾಲರಿಗೆ ನೆರಳು ಮತ್ತು ಕುಡಿಯುವ ನೀರು. ದಾವಣಗೆರೆ–ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ ಎಂದು ಎರಡೂ ಊರುಗಳಿಗೆ ಸೇರಿ ಒಂದೇ ಸಂಸ್ಥೆ ಇದೆ. ಹೊಸ ಬಡಾವಣೆಗಳ ನಿವೇಶನ ಹಂಚುವಾಗ ತೋರಿಸುವ ಉತ್ಸಾಹದಲ್ಲಿ ಕಾಲುಭಾಗವನ್ನು ಈ ಎರಡೂ ಊರಿನ ನಡುಮಧ್ಯಕ್ಕೆ ತೋರಿಸಿದರೂ ಸಾಕು. ಕಾರ್ಖಾನೆ ಬೇಡವೆಂದು ನಾನು ಹೇಳುವುದಿಲ್ಲ, ಅದರ ಅನ್ನ ಉಂಡು ಬೆಳೆದವನು ನಾನು. ಆದರೆ ಒಂದು ಊರಿನ ಅನ್ನ ಒಂದೇ ಗೇಟಿನಿಂದ ಬರಬಾರದು. ಎರಡು ಊರುಗಳ ಬದುಕು ನೋಡಿ ನಾನು ಕಲಿತದ್ದು ಇಷ್ಟು. ಮುಂದಿನ ಸಲ ನಿಮ್ಮ ಮನೆಯಲ್ಲಿ ಮದುವೆ ಬಂದಾಗ ಒಂದು ದಿನ ಬಿಡುವು ಮಾಡಿಕೊಂಡು, ನಿಮ್ಮೂರಿನ ಹಳೇಪೇಟೆಗೆ ನಡೆದೇ ಹೋಗಿ ಜವಳಿ ತೆಗೆಯಿರಿ.